ಹದಿನಾರರವರ ಮತ: ಬ್ರೆಕ್ಸಿಟ್ ಎತ್ತಿದ ಪ್ರಶ್ನೆ

ಹಿರಿಯರು ಮಾಡಿದ ನಿರ್ಧಾರದ ಫಲವನ್ನು ಕಿರಿಯರು ಉಣ್ಣುವುದು ಲೋಕಸಹಜವಾದ ಸಂಗತಿ. ತಂದೆ ಮಾಡಿದ ಸಾಲವನ್ನು ಮಗ ತೀರಿಸುತ್ತಾನೆ. ಅಜ್ಜ ನೆಟ್ಟ ಮಾವಿನ ಹಣ್ಣನ್ನು ಮೊಮ್ಮಗ ತಿನ್ನುತ್ತಾನೆ. ಮನೆಯ ಮಟ್ಟಿಗೆ ಇದನ್ನು ಯಾರೂ ಅನ್ಯಾಯವೆನ್ನುವುದಿಲ್ಲ. ಆದರೆ ಒಂದು ರಾಷ್ಟ್ರವೇ ತನ್ನ ಮುಂದಿನ ಹಲವು ದಶಕಗಳ ದಾರಿಯನ್ನು ಒಂದೇ ದಿನದ ಮತದಾನದಿಂದ ಗೊತ್ತುಪಡಿಸಲು ಹೊರಟಾಗ, ಆ ದಾರಿಯಲ್ಲಿ ಎಲ್ಲರಿಗಿಂತ ಹೆಚ್ಚು ದೂರ ನಡೆಯಬೇಕಾದವರನ್ನೇ ‘ನಿಮಗಿನ್ನೂ ವಯಸ್ಸಾಗಿಲ್ಲ’ ಎಂದು ಹೊರಗೆ ನಿಲ್ಲಿಸಿದರೆ ಅದು ನ್ಯಾಯವೆ? ಬ್ರಿಟನ್ನಿನಲ್ಲಿ ೨೦೧೬ರ ಜೂನ್ ತಿಂಗಳಿನಲ್ಲಿ ಭುಗಿಲೆದ್ದ ಈ ಪ್ರಶ್ನೆ ಇನ್ನೂ ಆರಿಲ್ಲ. ಅಂದು ಹದಿನಾರು ತುಂಬಿ ಮತಗಟ್ಟೆಯ ಹೊರಗೆ ನಿಂತ ಹುಡುಗ ಈಗ ಇಪ್ಪತ್ತೈದನ್ನು ದಾಟಿ ದುಡಿಯುವ ಯುವಕನಾಗಿದ್ದಾನೆ. ತನ್ನ ಬಾಳಿನ ಅತಿ ದೊಡ್ಡ ರಾಜಕೀಯ ನಿರ್ಣಯದ ದಿನ ತನ್ನನ್ನು ಯಾರೂ ಕೇಳಲಿಲ್ಲವೆಂಬ ಕೊರಗು ಅಂಥವರಲ್ಲಿ ಹಲವರನ್ನು ಬಿಟ್ಟಿಲ್ಲ.

ಈ ವಿವಾದದಲ್ಲಿ ಎರಡು ಪಕ್ಷದವರೂ ಬಿಸಿಯೇರಿ ಮಾತನಾಡಿದ್ದಾರೆ. ದೂರದಲ್ಲಿರುವ ನಾವು ಸ್ವಲ್ಪ ಸಮಾಧಾನದಿಂದ ಅದನ್ನು ಪರಿಶೀಲಿಸಬಹುದು.

ನಡೆದ ಸಂಗತಿ

ಐರೋಪ್ಯ ಒಕ್ಕೂಟದಲ್ಲಿ ಬ್ರಿಟನ್ ಉಳಿಯಬೇಕೆ, ಬಿಡಬೇಕೆ ಎಂಬುದರ ಮೇಲೆ ೨೦೧೬ರ ಜೂನ್ ೨೩ರಂದು ಜನಮತಗಣನೆ ನಡೆಯಿತು. ಪಟ್ಟಿಯಲ್ಲಿದ್ದ ಮತದಾರರು ೪ ಕೋಟಿ ೬೫ ಲಕ್ಷ. ಅವರಲ್ಲಿ ನೂರಕ್ಕೆ ೭೨ ಮಂದಿ ಮತ ನೀಡಿದರು. ಬಿಡಬೇಕೆಂದವರು ೧,೭೪,೧೦,೭೪೨, ಉಳಿಯಬೇಕೆಂದವರು ೧,೬೧,೪೧,೨೪೧. ಶೇಕಡಾವಾರು ಹೇಳುವುದಾದರೆ ೫೧.೯ ಮತ್ತು ೪೮.೧. ಎರಡರ ಅಂತರ ಸುಮಾರು ೧೨ ಲಕ್ಷ ೭೦ ಸಾವಿರ ಮತಗಳು. ಮರುದಿನ ಬೆಳಿಗ್ಗೆಯೇ ಪ್ರಧಾನಮಂತ್ರಿ ಡೇವಿಡ್ ಕ್ಯಾಮರನ್ ಪದತ್ಯಾಗ ಮಾಡುವುದಾಗಿ ಸಾರಿದರು. ವರ್ಷಗಟ್ಟಲೆ ಪಾರ್ಲಿಮೆಂಟಿನಲ್ಲಿಯೂ ನ್ಯಾಯಾಲಯದಲ್ಲಿಯೂ ಬೀದಿಯಲ್ಲಿಯೂ ನಡೆದ ಜಗ್ಗಾಟದ ನಂತರ ೨೦೨೦ರ ಜನವರಿ ೩೧ರಂದು ಬ್ರಿಟನ್ ಒಕ್ಕೂಟದಿಂದ ಹೊರಬಿದ್ದಿತು.

ಇದೇ ವಿಷಯದ ಮೇಲೆ ಬ್ರಿಟನ್ನಿನ ಜನ ಮತ ನೀಡಿದ್ದು ಅದೇ ಮೊದಲಲ್ಲ. ೧೯೭೫ರ ಜೂನ್ ೫ರಂದು ಅಂದಿನ ಐರೋಪ್ಯ ಸಮುದಾಯದಲ್ಲಿ ಉಳಿಯಬೇಕೆ ಎಂದು ಕೇಳಿದಾಗ ಮೂರರಲ್ಲಿ ಎರಡು ಪಾಲು ಜನ ಉಳಿಯೋಣವೆಂದಿದ್ದರು. ಅಂದು ಹದಿನೆಂಟು ತುಂಬಿ ಮೊದಲ ಬಾರಿಗೆ ಮತ ಹಾಕಿದವರಿಗೆ ೨೦೧೬ರಲ್ಲಿ ಐವತ್ತೊಂಬತ್ತು ವರ್ಷ. ಈ ಲೆಕ್ಕವನ್ನು ವಾಚಕರು ಮನಸ್ಸಿನಲ್ಲಿಟ್ಟುಕೊಳ್ಳಬೇಕು. ಅದರ ಪ್ರಯೋಜನ ಮುಂದೆ ಬರುವುದಿದೆ.

ಬಾಗಿಲ ಹೊರಗೆ ನಿಂತವರು

೨೦೧೫ರಲ್ಲಿ ಜನಮತಗಣನೆಯ ಶಾಸನವನ್ನು ರಚಿಸುವಾಗ ಸರಕಾರವು ಸರಳವಾದ ಒಂದು ಸೂತ್ರವನ್ನು ಹಿಡಿಯಿತು: ಪಾರ್ಲಿಮೆಂಟಿನ ಚುನಾವಣೆಯಲ್ಲಿ ಯಾರಿಗೆ ಮತವಿದೆಯೋ ಅವರಿಗೆ ಇಲ್ಲಿಯೂ ಮತ. ಈ ಸೂತ್ರದಿಂದ ಮೂರು ಬಗೆಯ ಜನ ಹೊರಗುಳಿದರು. ಹದಿನಾರು, ಹದಿನೇಳರ ವಯಸ್ಸಿನ ಸುಮಾರು ೧೫ ಲಕ್ಷ ತರುಣ ತರುಣಿಯರು ಒಂದು ವರ್ಗ. ಹದಿನೈದು ವರ್ಷಗಳಿಗೂ ಮಿಕ್ಕಿ ಪರದೇಶಗಳಲ್ಲಿ ನೆಲಸಿದ್ದ ಬ್ರಿಟಿಷ್ ಪ್ರಜೆಗಳು ಇನ್ನೊಂದು ವರ್ಗ. ಎರಡನೆಯ ಮಹಾಯುದ್ಧದಲ್ಲಿ ಹೋರಾಡಿ, ಇಟಲಿಯಲ್ಲಿ ನೆಲಸಿದ್ದ ವೃದ್ಧ ಯೋಧ ಹ್ಯಾರಿ ಷಿಂಡ್ಲರ್ ಈ ವರ್ಗದವರ ಪರವಾಗಿ ನ್ಯಾಯಾಲಯದ ಮೆಟ್ಟಿಲೇರಿದರು. ಆದರೆ ಜಯ ದೊರೆಯಲಿಲ್ಲ. ಮೂರನೆಯವರು ಬ್ರಿಟನ್ನಿನಲ್ಲಿಯೇ ಮನೆಮಾಡಿ, ದುಡಿದು, ಕರ ಕೊಡುತ್ತಿದ್ದ ಐರೋಪ್ಯ ದೇಶಗಳ ಸುಮಾರು ಮೂವತ್ತು ಲಕ್ಷ ಜನ. ಅವರಲ್ಲಿ ಐರ್ಲೆಂಡ್, ಮಾಲ್ಟಾ, ಸೈಪ್ರಸ್ ದೇಶದವರಿಗೆ ಮಾತ್ರ ಮತವಿತ್ತು.

ಇಲ್ಲಿ ನಮ್ಮವರಿಗೆ ಸಂಬಂಧಿಸಿದ ಒಂದು ವಿಚಿತ್ರವಿದೆ. ಕಾಮನ್‌ವೆಲ್ತ್ ದೇಶಗಳ ಪ್ರಜೆಗಳು ಬ್ರಿಟನ್ನಿನಲ್ಲಿ ಕ್ರಮಬದ್ಧವಾಗಿ ನೆಲಸಿದ್ದರೆ ಅವರಿಗೆ ಅಲ್ಲಿ ಮತದ ಹಕ್ಕುಂಟು. ಭಾರತದ ಪಾಸ್‌ಪೋರ್ಟನ್ನೇ ಇಟ್ಟುಕೊಂಡು ಲಂಡನ್ನಿನ ಆಸ್ಪತ್ರೆಯಲ್ಲಿ ದುಡಿಯುವ ಕನ್ನಡಿಗ ವೈದ್ಯನೊಬ್ಬ, ಅಲ್ಲಿಗೆ ಹೋಗಿ ಎರಡು ವರ್ಷಗಳಷ್ಟೇ ಆಗಿದ್ದರೂ, ಬ್ರಿಟನ್ ಯುರೋಪಿನಲ್ಲಿ ಉಳಿಯಬೇಕೆ ಎಂಬುದರ ಮೇಲೆ ಮತ ಹಾಕಬಹುದಿತ್ತು. ಅವನ ಪಕ್ಕದಲ್ಲಿಯೇ ಇಪ್ಪತ್ತು ವರ್ಷ ದುಡಿದ ಫ್ರಾನ್ಸಿನ ದಾದಿಗೆ ಆ ಹಕ್ಕಿರಲಿಲ್ಲ. ಆ ಊರಿನಲ್ಲಿಯೇ ಹುಟ್ಟಿ ಬೆಳೆದ ಹದಿನೇಳರ ಆಂಗ್ಲ ಹುಡುಗಿಗೂ ಇರಲಿಲ್ಲ. ನಮ್ಮವರಿಗೆ ಹಕ್ಕಿದ್ದುದು ತಪ್ಪೆಂದು ನಾವೇನೂ ಹೇಳುತ್ತಿಲ್ಲ. ಮತದಾರರ ಪಟ್ಟಿಯೆಂಬುದು ಪ್ರಕೃತಿ ಕೊಟ್ಟದ್ದಲ್ಲ, ಮನುಷ್ಯರು ಇತಿಹಾಸದ ದಾರಿಯಲ್ಲಿ ಬರೆದುಕೊಂಡದ್ದು ಎಂಬುದಕ್ಕೆ ಇದಕ್ಕಿಂತ ಒಳ್ಳೆಯ ನಿದರ್ಶನ ಬೇಡ.

ಮೇಲ್ಮನೆಯ ವಾದ

ಹದಿನಾರರವರ ಪರವಾಗಿ ಎದ್ದು ನಿಂತವರು ಲಾರ್ಡ್ಸ್ ಸಭೆಯವರು. ಪಾರ್ಲಿಮೆಂಟಿನ ಎರಡು ಸಭೆಗಳಲ್ಲಿ ವಯೋವೃದ್ಧರು ಹೆಚ್ಚಾಗಿ ಕೂಡುವ ಸಭೆ ಅದೇ ಎಂಬುದು ಸ್ವಾರಸ್ಯದ ಸಂಗತಿ. ೨೦೧೫ರ ನವೆಂಬರ್ ೧೮ರಂದು ಆ ಸಭೆ ೨೧೧ರ ವಿರುದ್ಧ ೨೯೩ ಮತಗಳಿಂದ, ಈ ಜನಮತಗಣನೆಯಲ್ಲಿ ಹದಿನಾರು ತುಂಬಿದವರಿಗೂ ಮತ ಕೊಡಬೇಕೆಂದು ಶಾಸನವನ್ನು ತಿದ್ದಿತು. ಚುನಾವಣೆ ಐದು ವರ್ಷಕ್ಕೊಮ್ಮೆ ಬರುತ್ತದೆ, ಇದು ತಲೆಮಾರಿಗೊಮ್ಮೆ ಬರುವಂಥದು. ಆದ್ದರಿಂದ ಬೇರೆ ಅಳತೆಗೋಲು ಬೇಕು ಎಂಬುದು ಅವರ ವಾದದ ತಿರುಳು.

ಸರಕಾರ ಒಪ್ಪಲಿಲ್ಲ. ಕಾಮನ್ಸ್ ಸಭೆ ಡಿಸೆಂಬರಿನಲ್ಲಿ ಈ ತಿದ್ದುಪಡಿಯನ್ನು ತಳ್ಳಿಹಾಕಿತು. ಅದರಿಂದ ಸುಮಾರು ೬೦ ಲಕ್ಷ ಪೌಂಡುಗಳ ಹೆಚ್ಚಿನ ವೆಚ್ಚ ತಗಲುವುದು, ಹಣದ ವಿಷಯದಲ್ಲಿ ಕೆಳಮನೆಯ ಮಾತೇ ಕೊನೆಯದು ಎಂಬ ಕಾರಣವನ್ನೂ ಮುಂದೆ ಮಾಡಲಾಯಿತು. ಕೆಲದಿನಗಳಲ್ಲಿ ವಿಷಯ ಮತ್ತೆ ಮೇಲ್ಮನೆಗೆ ಬಂದಾಗ, ಹಟ ಹಿಡಿಯಬೇಕೆಂದವರು ೨೪೬, ಬೇಡವೆಂದವರು ೨೬೩. ಹದಿನೇಳು ಮತಗಳ ಅಂತರದಲ್ಲಿ ಹದಿನಾರರವರ ಬಾಗಿಲು ಮುಚ್ಚಿತು.

ಸರಕಾರದ ಸೂತ್ರ ಎಷ್ಟು ಗಟ್ಟಿಯಾಗಿತ್ತು? ಪಾರ್ಲಿಮೆಂಟಿನ ಚುನಾವಣೆಯಲ್ಲಿ ಲಾರ್ಡ್ಸ್ ಸಭೆಯ ಸದಸ್ಯರಿಗೆ ಮತವಿಲ್ಲ. ಸ್ಪೇನಿನ ತುದಿಯಲ್ಲಿರುವ ಜಿಬ್ರಾಲ್ಟರಿನ ನಿವಾಸಿಗಳಿಗೂ ಇಲ್ಲ. ಆದರೆ ಈ ಜನಮತಗಣನೆಯಲ್ಲಿ ಆ ಎರಡೂ ವರ್ಗದವರಿಗೆ ಮತ ಕೊಡಲಾಯಿತು. ಫಲಿತಾಂಶ ಅವರಿಗೂ ತಟ್ಟುವುದೆಂಬುದೇ ಅದಕ್ಕೆ ಸಮರ್ಥನೆ. ಪ್ರಭುಗಳಿಗಾಗಿ ಸಡಿಲಿಸಿದ ಗಂಟನ್ನು ಮಕ್ಕಳಿಗಾಗಿ ಸಡಿಲಿಸಲಾಗದೆ ಹೋದದ್ದೇಕೆ ಎಂಬ ಪ್ರಶ್ನೆಗೆ ತೃಪ್ತಿಕರವಾದ ಉತ್ತರ ಬರಲಿಲ್ಲ.

ತಲೆಮಾರುಗಳ ಜಗಳ

ಫಲಿತಾಂಶ ಹೊರಬಿದ್ದ ಮೇಲೆ ಜಗಳ ಮನೆಮನೆಗೆ ಹೊಕ್ಕಿತು. ಮತಪತ್ರದ ಮೇಲೆ ವಯಸ್ಸು ಬರೆದಿರುವುದಿಲ್ಲ. ಆದ್ದರಿಂದ ಯಾವ ವಯಸ್ಸಿನವರು ಎತ್ತ ಹಾಕಿದರೆಂಬುದನ್ನು ಸಮೀಕ್ಷೆಗಳಿಂದಲೇ ಊಹಿಸಬೇಕು. ಆದರೆ ಆ ಊಹೆ ಸ್ಪಷ್ಟವಾಗಿತ್ತು. ಹದಿನೆಂಟರಿಂದ ಇಪ್ಪತ್ತನಾಲ್ಕರವರಲ್ಲಿ ನೂರಕ್ಕೆ ಎಪ್ಪತ್ತಕ್ಕೂ ಹೆಚ್ಚು ಮಂದಿ ಉಳಿಯುವ ಪಕ್ಷ. ಅರುವತ್ತೈದು ದಾಟಿದವರಲ್ಲಿ ನೂರಕ್ಕೆ ಅರುವತ್ತು ಅಥವಾ ಅದಕ್ಕೂ ಮಿಕ್ಕಿ ಬಿಡುವ ಪಕ್ಷ. ‘ನಮ್ಮ ಭವಿಷ್ಯವನ್ನು ಅಜ್ಜಂದಿರು ಮಾರಿದರು’ ಎಂದು ತರುಣರು ಕೂಗಿದರು. ಯುರೋಪಿನ ಯಾವ ದೇಶದಲ್ಲಿಯಾದರೂ ಓದುವ, ದುಡಿಯುವ, ನೆಲಸುವ ಸ್ವಾತಂತ್ರ್ಯ ಹುಟ್ಟಿನಿಂದ ಬಂದದ್ದು ಒಂದು ರಾತ್ರಿಯಲ್ಲಿ ಹೋಯಿತೆಂಬ ಅವರ ಅಳಲು ಕೃತಕವಾದುದಲ್ಲ. ಇಂತಿಷ್ಟು ವಯಸ್ಸು ದಾಟಿದವರ ಮತವನ್ನು ಕಿತ್ತುಕೊಳ್ಳಬೇಕು, ಇಲ್ಲವೆ ಉಳಿದ ಆಯುಷ್ಯಕ್ಕೆ ತಕ್ಕಂತೆ ಮತಕ್ಕೆ ತೂಕ ಕಟ್ಟಬೇಕು ಎಂದವರೂ ಇದ್ದರು.

ಹಿರಿಯರ ಉತ್ತರವೂ ಖಾರವಾಗಿತ್ತು. ‘ನಾವು ಯುದ್ಧದ ನೆರಳಿನಲ್ಲಿ ಬೆಳೆದವರು, ರೇಷನ್ ಚೀಟಿ ಹಿಡಿದು ಸಾಲಿನಲ್ಲಿ ನಿಂತವರು. ೧೯೭೫ರಲ್ಲಿ ವ್ಯಾಪಾರದ ಕೂಟವೆಂದು ನಂಬಿ ಒಪ್ಪಿದೆವು; ಅದು ಬೆಳೆದು ನಮ್ಮ ಪಾರ್ಲಿಮೆಂಟಿಗೂ ಮೇಲಾದದ್ದನ್ನು ನಲವತ್ತು ವರ್ಷ ಕಂಡೆವು. ಅನುಭವಕ್ಕೆ ಬೆಲೆಯಿಲ್ಲವೆ? ಮೇಲಾಗಿ ನಿಮ್ಮಲ್ಲಿ ಎಷ್ಟು ಜನ ಮತ ಹಾಕಲು ಹಾಸಿಗೆಯಿಂದ ಎದ್ದಿರಿ?’ ಎಂದರು. ತರುಣರಲ್ಲಿ ಮೂರನೆಯ ಒಂದು ಪಾಲು ಮಾತ್ರ ಮತ ನೀಡಿದರೆಂಬ ಅಂದಾಜು ಆಗ ಬಹಳ ಹಬ್ಬಿತ್ತು. ಅನಂತರ ನಡೆದ ಅಧ್ಯಯನ ಆ ಪ್ರಮಾಣ ನೂರಕ್ಕೆ ೬೪ರ ಸಮೀಪವಿತ್ತೆಂದಿತು. ಆದರೂ ಹಿರಿಯರು ಅದಕ್ಕಿಂತ ಬಹಳ ಹೆಚ್ಚಿನ ಪ್ರಮಾಣದಲ್ಲಿ ಬಂದರೆಂಬುದು ನಿಜವೇ.

ಇಲ್ಲಿಯೇ ೧೯೭೫ರ ಲೆಕ್ಕವನ್ನು ಹೊರತೆಗೆಯಬೇಕು. ಒಕ್ಕೂಟವನ್ನು ಬಿಡಬೇಕೆಂದು ವರ್ಷಗಟ್ಟಲೆ ಪ್ರಚಾರ ಮಾಡಿದವರ ಮೆಚ್ಚಿನ ವಾದ ಯಾವುದಾಗಿತ್ತು? ‘ಐವತ್ತೊಂಬತ್ತಕ್ಕಿಂತ ಕಿರಿಯರಾದ ಯಾರನ್ನೂ ಈ ವಿಷಯದಲ್ಲಿ ಒಮ್ಮೆಯೂ ಕೇಳಿಲ್ಲ, ಹಿಂದಿನ ತಲೆಮಾರಿನ ನಿರ್ಧಾರ ನಮ್ಮನ್ನು ಏಕೆ ಕಟ್ಟಿಹಾಕಬೇಕು?’ ಎಂಬುದೇ. ೨೦೧೬ರ ಜೂನ್ ೨೪ರ ನಂತರ ಅದೇ ವಾದ, ಅದೇ ಮಾತಿನಲ್ಲಿ, ಎದುರು ಪಕ್ಷದ ಬಾಯಿಗೆ ಬಂದಿತು. ಕೋಲು ಒಂದೇ, ಹಿಡಿದ ಕೈ ಬೇರೆ. ೧೯೭೫ರಲ್ಲಿ ಉಳಿಯೋಣವೆಂದ ತರುಣರಲ್ಲಿ ಅನೇಕರು ಮುಪ್ಪಿನ ಹೊಸ್ತಿಲಲ್ಲಿ ಬಿಡೋಣವೆಂದರು. ತರುಣರ ಮತ ಯಾವಾಗಲೂ ಒಂದೇ ಕಡೆಗೆ ಬೀಳುವುದೆಂದು ನಂಬಿ ಮತದಾನದ ವಯಸ್ಸನ್ನು ಇಳಿಸಹೊರಟವರು, ಆ ಭಯದಿಂದಲೇ ಇಳಿಸಬಾರದೆಂದವರು, ಇಬ್ಬರೂ ಮರಳಿನ ಮೇಲೆ ಮನೆ ಕಟ್ಟಿದವರೇ ಸರಿ.

ಒಂದು ಸಣ್ಣ ಗಣಿತ

ಹದಿನಾರರವರಿಗೆ ಮತವಿದ್ದಿದ್ದರೆ ಬ್ರೆಕ್ಸಿಟ್ ಆಗುತ್ತಿರಲಿಲ್ಲ ಎಂಬ ಮಾತು ಇಂದಿಗೂ ಕೇಳಿಬರುತ್ತದೆ. ಲೆಕ್ಕ ಹಾಕಿ ನೋಡೋಣ. ಅವರ ಸಂಖ್ಯೆ ಹದಿನೈದು ಲಕ್ಷವೆಂದಿಟ್ಟುಕೊಂಡು, ಒಬ್ಬರೂ ತಪ್ಪದೆ ಬಂದರೆಂದೂ, ನೂರಕ್ಕೆ ಎಂಬತ್ತು ಮಂದಿ ಉಳಿಯುವ ಪಕ್ಷಕ್ಕೆ ಮತವಿತ್ತರೆಂದೂ ಭಾವಿಸೋಣ. ಒಂದು ಕಡೆ ಹನ್ನೆರಡು ಲಕ್ಷ, ಇನ್ನೊಂದು ಕಡೆ ಮೂರು ಲಕ್ಷ. ಲಾಭ ಒಂಬತ್ತು ಲಕ್ಷ. ತುಂಬಬೇಕಾದ ಕಂದಕ ಹನ್ನೆರಡೂ ಮುಕ್ಕಾಲು ಲಕ್ಷಕ್ಕೆ ಸಮೀಪ. ಅದು ತುಂಬಬೇಕಾದರೆ ಹದಿನೈದು ಲಕ್ಷವೂ ಮತಗಟ್ಟೆಗೆ ಬಂದು, ನೂರಕ್ಕೆ ತೊಂಬತ್ತೆರಡಕ್ಕೂ ಮಿಕ್ಕಿದವರು ಒಂದೇ ಕಡೆ ಹಾಕಬೇಕಾಗಿತ್ತು. ಅಂಥದು ಯಾವ ಊರಿನಲ್ಲಿಯೂ ನಡೆಯುವುದಿಲ್ಲ.

ಹಾಗಾದರೆ ಈ ಜಗಳವೆಲ್ಲ ವ್ಯರ್ಥವೆ? ಅಲ್ಲ. ಫಲಿತಾಂಶ ಬದಲಾಗುತ್ತಿರಲಿಲ್ಲವೆಂಬುದರಿಂದ ಹಕ್ಕಿನ ಪ್ರಶ್ನೆ ಮುಗಿಯುವುದಿಲ್ಲ, ಅದು ಶುದ್ಧವಾಗುತ್ತದೆ. ಯಾವ ಪಕ್ಷಕ್ಕೆ ಲಾಭವೆಂಬ ಕೆಸರನ್ನು ತೊಳೆದ ಮೇಲೆ ಉಳಿಯುವ ಪ್ರಶ್ನೆ ಇಷ್ಟೇ: ಮರಳಿ ಕೇಳಲಾಗದಂಥ ನಿರ್ಣಯವನ್ನು ಕೈಗೊಳ್ಳುವಾಗ ಯಾರನ್ನು ಕೇಳಬೇಕು?

ಚುನಾವಣೆಯೂ ಜನಮತಗಣನೆಯೂ

ಚುನಾವಣೆಯಲ್ಲಿ ಮತ ತಪ್ಪಿದ ಹದಿನೇಳರ ಹುಡುಗ ಐದು ವರ್ಷದೊಳಗೆ ಆ ಸರಕಾರವನ್ನು ಕೆಳಗಿಳಿಸಬಲ್ಲನು. ಜನಮತಗಣನೆಯಲ್ಲಿ ತಪ್ಪಿದವನಿಗೆ ಆ ಅವಕಾಶ ಬರುವುದು ಯಾವಾಗ? ಮೊದಲನೆಯದಕ್ಕೂ ಎರಡನೆಯದಕ್ಕೂ ನಡುವೆ ನಲವತ್ತೊಂದು ವರ್ಷ ಕಳೆದವು. ಈ ಭೇದವನ್ನು ಅಲ್ಲಗಳೆಯುವುದು ಕಷ್ಟ.

ಪ್ರಯೋಗಕ್ಕೆ ಉದಾಹರಣೆಯೂ ಕೈಯಳತೆಯಲ್ಲಿಯೇ ಇತ್ತು. ಸ್ವತಂತ್ರ ರಾಷ್ಟ್ರವಾಗಬೇಕೆ ಎಂಬುದರ ಮೇಲೆ ಸ್ಕಾಟ್ಲೆಂಡ್ ೨೦೧೪ರ ಸೆಪ್ಟೆಂಬರ್ ೧೮ರಂದು ಮತ ನೀಡಿದಾಗ ಹದಿನಾರು ತುಂಬಿದವರನ್ನೂ ಸೇರಿಸಿಕೊಂಡಿತ್ತು. ಆ ವಯಸ್ಸಿನ ಒಂದು ಲಕ್ಷಕ್ಕೂ ಮಿಕ್ಕಿದ ಮಂದಿ ಹೆಸರು ನೋಂದಾಯಿಸಿದರು. ಅನಂತರ ಚುನಾವಣಾ ಆಯೋಗದ ಸಮೀಕ್ಷೆಯಲ್ಲಿ, ಹದಿನಾರು ಹದಿನೇಳರವರಲ್ಲಿ ನೂರಕ್ಕೆ ೭೫ ಮಂದಿ ಮತ ಹಾಕಿದ್ದಾಗಿ ಹೇಳಿದರು. ಹದಿನೆಂಟರಿಂದ ಇಪ್ಪತ್ತನಾಲ್ಕರವರಲ್ಲಿ ಹಾಗೆ ಹೇಳಿದವರು ೫೪. ಮನೆಯಲ್ಲಿ ತಾಯಿತಂದೆಯರೊಡನೆ, ಶಾಲೆಯಲ್ಲಿ ಅಧ್ಯಾಪಕರೊಡನೆ ಇರುವಾಗಲೇ ಮತ ಹಾಕುವ ಅಭ್ಯಾಸ ಬೇಗ ಹಿಡಿಯುವುದೆಂದು ಬಲ್ಲವರು ಕಾರಣ ಕೊಡುತ್ತಾರೆ. ಮೊದಲು ಸಂದೇಹಪಟ್ಟಿದ್ದ ಅಲ್ಲಿಯ ಕನ್ಸರ್ವೇಟಿವ್ ಪಕ್ಷದ ಅಂದಿನ ನಾಯಕಿ ರೂತ್ ಡೇವಿಡ್‌ಸನ್ ಇದನ್ನು ಕಂಡ ಮೇಲೆ ಮನಸ್ಸು ಬದಲಾಯಿಸಿದರು. ೨೦೧೫ರ ಜೂನಿನಲ್ಲಿ ಸ್ಕಾಟ್ಲೆಂಡಿನ ಪಾರ್ಲಿಮೆಂಟು ತನ್ನ ಚುನಾವಣೆಗಳಿಗೂ ಹದಿನಾರರ ವಯಸ್ಸನ್ನು ಸರ್ವಾನುಮತದಿಂದ ಒಪ್ಪಿತು. ಆದ್ದರಿಂದ ೨೦೧೪ರಲ್ಲಿ ಹದಿನಾರಕ್ಕೇ ರಾಷ್ಟ್ರದ ಅಳಿವು ಉಳಿವಿನ ಮೇಲೆ ಮತ ಹಾಕಲು ಯೋಗ್ಯರೆನಿಸಿದ ಸ್ಕಾಟ್ಲೆಂಡಿನಲ್ಲಿಯೇ, ೨೦೧೬ರಲ್ಲಿ ಆ ವಯಸ್ಸಿನವರು ಅಯೋಗ್ಯರೆನಿಸಿದರು.

ವಿರೋಧಿಗಳ ಮಾತು

ವಿರೋಧಿಗಳ ವಾದವನ್ನು ಹಗುರವಾಗಿ ಕಾಣಬಾರದು. ಹದಿನಾರರವನು ಹದಿನಾರಕ್ಕೆ ಕರ ಕೊಡಬಲ್ಲ, ಹೆತ್ತವರ ಒಪ್ಪಿಗೆಯಿಂದ ಸೈನ್ಯ ಸೇರಬಲ್ಲ ಎಂದು ಒಂದು ಪಕ್ಷ ಹೇಳಿದರೆ, ಇನ್ನೊಂದು ಪಕ್ಷವು ಬೇರೆ ಎಲ್ಲ ವಿಷಯಗಳಲ್ಲಿ ಕಾಲ ಹಿಂದಕ್ಕಲ್ಲ, ಮುಂದಕ್ಕೆ ಸಾಗಿದೆಯೆಂದು ತೋರಿಸುತ್ತದೆ. ತಂಬಾಕನ್ನು ಕೊಳ್ಳುವ ವಯಸ್ಸು ೨೦೦೭ರಲ್ಲಿ ಹದಿನೆಂಟಕ್ಕೆ ಏರಿತು. ಇಂಗ್ಲೆಂಡ್ ಮತ್ತು ವೇಲ್ಸ್‌ಗಳಲ್ಲಿ ಮದುವೆಯ ವಯಸ್ಸು ೨೦೨೩ರಲ್ಲಿ ಹದಿನೆಂಟಾಯಿತು. ‘ತನ್ನ ಮದುವೆಯನ್ನೇ ನಿಶ್ಚಯಿಸಿಕೊಳ್ಳಲಾರದವನು ದೇಶದ ಸಂಬಂಧವನ್ನು ಹೇಗೆ ನಿಶ್ಚಯಿಸುವನು?’ ಎಂಬ ಪ್ರಶ್ನೆಯಲ್ಲಿ ಹುರುಳಿಲ್ಲವೆನ್ನಲಾಗದು. ಒಂದು ಸಲದ ಮತದಾನಕ್ಕಾಗಿ ಪಟ್ಟಿಯನ್ನು ಹಿಗ್ಗಿಸಿದರೆ ಗೆಲ್ಲುವುದಕ್ಕಾಗಿಯೇ ಹಿಗ್ಗಿಸಿದರೆಂಬ ಸಂಶಯ ಹುಟ್ಟುವುದೂ ಸಹಜ.

ಆದರೆ ‘ಇವರಿಗಿನ್ನೂ ತಿಳಿವಳಿಕೆ ಸಾಲದು’ ಎಂಬ ಮಾತು ಹಳೆಯದು. ೧೯೧೮ರಲ್ಲಿ ಬ್ರಿಟನ್ ಗಂಡಸರಿಗೆ ಇಪ್ಪತ್ತೊಂದಕ್ಕೆ ಮತ ಕೊಟ್ಟು, ಹೆಂಗಸರಿಗೆ ಮೂವತ್ತು ತುಂಬಲೆಂದಿತು. ೧೯೨೮ರಲ್ಲಿ ಇಬ್ಬರನ್ನೂ ಸಮಗೊಳಿಸಿದಾಗ, ಇಪ್ಪತ್ತೊಂದರ ಹುಡುಗಿಯರ ಕೈಗೆ ರಾಜ್ಯವೇ ಎಂದು ಪತ್ರಿಕೆಗಳು ನಕ್ಕವು. ೧೯೬೯ರಲ್ಲಿ ಹದಿನೆಂಟಕ್ಕೆ ಇಳಿಸಿದಾಗಲೂ ತಲೆಯಾಡಿಸಿದವರುಂಟು. ನಮ್ಮ ದೇಶವೇ ೧೯೫೧-೫೨ರಲ್ಲಿ ಹದಿನೇಳು ಕೋಟಿಗೂ ಮಿಕ್ಕಿದ ಜನರಿಗೆ, ಅವರಲ್ಲಿ ಬಹುಪಾಲು ಅಕ್ಷರ ಬಾರದವರಿಗೆ, ಒಮ್ಮೆಲೇ ಮತ ಕೊಟ್ಟಾಗ ಪರದೇಶದ ಪಂಡಿತರು ಕೆಡುಕನ್ನೇ ನುಡಿದರು. ಆ ನುಡಿ ಸುಳ್ಳಾಯಿತು. ೧೯೮೯ರಲ್ಲಿ ಅರುವತ್ತೊಂದನೆಯ ತಿದ್ದುಪಡಿ ಜಾರಿಗೆ ಬಂದು ಇಪ್ಪತ್ತೊಂದು ಹದಿನೆಂಟಾದಾಗಲೂ ಆಕಾಶ ಕಳಚಿ ಬೀಳಲಿಲ್ಲ.

ನಮ್ಮ ನೆರೆಯ ನೆನಪು

ಮುಂಬಯಿಯ ವಾಚಕರಿಗೆ ಇಂಥ ಪ್ರಶ್ನೆ ಅಪರಿಚಿತವಲ್ಲ. ಗೋವೆಯು ಮಹಾರಾಷ್ಟ್ರದಲ್ಲಿ ವಿಲೀನವಾಗಬೇಕೆ, ಕೇಂದ್ರಾಡಳಿತ ಪ್ರದೇಶವಾಗಿ ಉಳಿಯಬೇಕೆ ಎಂದು ೧೯೬೭ರ ಜನವರಿ ೧೬ರಂದು ಜನರ ಅಭಿಪ್ರಾಯವನ್ನು ಕೇಳಲಾಯಿತು. ೩೪,೦೨೧ ಮತಗಳ ಅಂತರದಿಂದ ಪ್ರತ್ಯೇಕವಾಗಿ ಉಳಿಯುವ ಪಕ್ಷ ಗೆದ್ದಿತು. ಅಂದು ಹೊಟ್ಟೆಪಾಡಿಗಾಗಿ ಹೊರಗೆ ನೆಲಸಿದ್ದ ಗೋವೆಯವರಿಗೂ ಮತ ಬೇಕೆಂಬ ಬೇಡಿಕೆ ಎದ್ದಿತ್ತು; ಅದು ಈಡೇರಲಿಲ್ಲ. ಊರು ಬಿಟ್ಟವನಿಗೆ ಊರಿನ ಮೇಲೆ ಮಾತುಂಟೆ? ನೆಲಸಿದ ಊರು ಅವನ ಮಾತನ್ನು ಕೇಳಬೇಕೆ? ಹೊರನಾಡಿನಲ್ಲಿ ಬಾಳುವ ನಮ್ಮಂಥವರು ಈ ಪ್ರಶ್ನೆಗಳನ್ನು ನಿರ್ಲಿಪ್ತರಾಗಿ ನೋಡಲಾರೆವು. ಲಂಡನ್ನಿನ ಆ ಫ್ರಾನ್ಸಿನ ದಾದಿಯ, ಇಟಲಿಯ ಆ ವೃದ್ಧ ಯೋಧನ ಸಂಕಟ ನಮಗೆ ಬೇಗನೆ ಅರ್ಥವಾಗುತ್ತದೆ. ಬ್ರಿಟನ್ ಅನಂತರ, ೨೦೨೨ರ ಶಾಸನದಿಂದ, ಪರದೇಶವಾಸಿಗಳ ಹದಿನೈದು ವರ್ಷದ ಕಟ್ಟನ್ನು ತೆಗೆದುಹಾಕಿತು. ಆದರೆ ಆ ಮತದಾನ ಮುಗಿದುಹೋಗಿತ್ತು.

ಹದಿನಾರರವರ ವಿಷಯದಲ್ಲಿಯೂ ಗಾಳಿ ತಿರುಗಿದೆ. ವೇಲ್ಸ್ ತನ್ನ ಶಾಸನಸಭೆಯ ೨೦೨೧ರ ಚುನಾವಣೆಯಲ್ಲಿ ಅವರಿಗೆ ಮತ ಕೊಟ್ಟಿತು. ೨೦೨೫ರ ಜುಲೈಯಲ್ಲಿ ಬ್ರಿಟಿಷ್ ಸರಕಾರವೇ ಎಲ್ಲ ಚುನಾವಣೆಗಳಿಗೂ ವಯಸ್ಸನ್ನು ಹದಿನಾರಕ್ಕೆ ಇಳಿಸುವ ಸಂಕಲ್ಪವನ್ನು ಸಾರಿತು. ಊರು ಕೊಳ್ಳೆ ಹೋದ ಮೇಲೆ ಕೋಟೆಯ ಬಾಗಿಲು ಹಾಕಿದಂತಾಯಿತೆಂದು ಕೆಲವರು ಹಾಸ್ಯ ಮಾಡಬಹುದು. ನಮಗೆ ಹಾಗೆ ತೋರುವುದಿಲ್ಲ. ಮುಂದಿನ ಪ್ರಶ್ನೆ ಏನೆಂದು ಯಾರಿಗೂ ತಿಳಿಯದ ಕಾಲದಲ್ಲಿ, ಯಾರಿಗೆ ಲಾಭವೆಂದು ಎಣಿಸಲಾಗದ ಹೊತ್ತಿನಲ್ಲಿ, ಪಟ್ಟಿಯನ್ನು ತಿದ್ದುವುದೇ ಸರಿಯಾದ ಕ್ರಮ. ಆಟ ಮೊದಲಾದ ಮೇಲೆ ನಿಯಮ ಬರೆದರೆ ಗೆದ್ದವನಿಗೂ ಗೌರವವಿಲ್ಲ, ಸೋತವನಿಗೂ ಸಮಾಧಾನವಿಲ್ಲ.

ಜನಮತಗಣನೆಯ ಉದ್ದೇಶ ಗೆದ್ದವರನ್ನು ಗುರುತಿಸುವುದಷ್ಟೇ ಅಲ್ಲ. ಗೆದ್ದವರು ಯಾರೆಂಬುದು ಎಣಿಕೆಯಿಂದ ಗೊತ್ತಾಗುತ್ತದೆ. ಸೋತವರು ‘ನಮ್ಮನ್ನೂ ಕೇಳಿದರು, ಹೆಚ್ಚಿನವರು ಬೇರೆ ಹೇಳಿದರು, ಆಗಲಿ’ ಎಂದು ಒಪ್ಪಿ ಮನೆಗೆ ಹೋಗುವಂತೆ ಮಾಡುವುದೇ ಅದರ ನಿಜವಾದ ಕಷ್ಟ. ಅರುವತ್ತೈದರ ಅಜ್ಜನ ಮತವನ್ನು ಕಿತ್ತುಕೊಂಡು ಆ ಒಪ್ಪಿಗೆಯನ್ನು ಪಡೆಯಲಾಗುವುದಿಲ್ಲ. ಹದಿನಾರರ ಮೊಮ್ಮಗಳನ್ನು ಹೊರಗಿಟ್ಟೂ ಪಡೆಯಲಾಗುವುದಿಲ್ಲ. ಇಬ್ಬರೂ ಒಂದೇ ಸಾಲಿನಲ್ಲಿ ನಿಂತು ಮತ ಹಾಕಿ, ಬೇರೆ ಬೇರೆ ಕಡೆಗೇ ಹಾಕಿದರೂ, ಸಂಜೆ ಒಂದೇ ಮೇಜಿನ ಮುಂದೆ ಕೂತು ಊಟ ಮಾಡುವಂತಾಗಬೇಕು. ಹನ್ನೆರಡೂ ಮುಕ್ಕಾಲು ಲಕ್ಷ ಮತಗಳ ಅಂತರದಿಂದ ಗೆದ್ದ ಪಕ್ಷವು ಇಷ್ಟು ವರ್ಷಗಳಾದರೂ ಆ ಒಪ್ಪಿಗೆಯನ್ನು ಪೂರ್ಣವಾಗಿ ಪಡೆಯಲಿಲ್ಲವೆಂಬುದೇ ಬ್ರಿಟನ್ ನಮ್ಮೆಲ್ಲರ ಮುಂದೆ ಇಟ್ಟ ಪಾಠ.